ಅಂಗನವಾಡಿಯ ಕಿಟಕಿ

ಧಾರವಾಡ ತಾಲ್ಲೂಕಿನ ಗರಗವು ರಾಷ್ಟ್ರಧ್ವಜದ ಖಾದಿಬಟ್ಟೆಗೆ ಹೆಸರಾದ ಊರು. ಅಲ್ಲಿಯ ಕ್ಷೇತ್ರೀಯ ಸೇವಾ ಸಂಘವು ಸ್ಥಾಪನೆಯಾದುದು 1954ರಲ್ಲಿ. ನೂಲುವವರಲ್ಲಿಯೂ ನೇಯುವವರಲ್ಲಿಯೂ ಹೆಂಗಸರೇ ಹೆಚ್ಚು. ತಾಯಿಯು ಮಗ್ಗದ ಮುಂದೆ ಕುಳಿತಾಗ, ಇಲ್ಲವೆ ಹೊಲಕ್ಕೆ ಹೋದಾಗ, ಕೂಸು ಎಲ್ಲಿರಬೇಕು? ಹಿಂದೆ ಅಜ್ಜಿಯ ಮಡಿಲೊಂದೇ ಇದಕ್ಕೆ ಉತ್ತರವಾಗಿತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿಯೆಂಬ ಎರಡನೆಯ ಉತ್ತರವನ್ನು ಕೊಟ್ಟಿತು. ನಮ್ಮ ರಾಜ್ಯದಲ್ಲಿ ಮೊದಲು ಅದು ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಈಗ ಅಂಗನವಾಡಿಯಿಲ್ಲದ ಊರನ್ನು ಹುಡುಕುವುದೇ ಕಷ್ಟ.

ಇಪ್ಪತ್ತು ಮೂವತ್ತು ಮಕ್ಕಳು ಒಂದೇ ಕೋಣೆಯಲ್ಲಿ ಸೇರಿದಾಗ ಒಬ್ಬರ ಕೆಮ್ಮು ಎಲ್ಲರ ಕೆಮ್ಮಾಗುವುದು ತಾಯಂದಿರಿಗೆ ತಿಳಿದ ವಿಷಯವೇ. ಕಾಯಿಲೆಯಾದ ಮಗು ಮನೆಯಲ್ಲಿ ಉಳಿಯುತ್ತದೆ. ಅದರೊಡನೆ ಅಂಗನವಾಡಿಯ ಊಟ, ಹಾಲು, ತೂಕ ನೋಡುವ ದಿನ, ಎಲ್ಲವೂ ತಪ್ಪುತ್ತವೆ. ಊಟ ತಪ್ಪಿ ಬಡವಾದ ಮಗುವಿಗೆ ಮುಂದಿನ ಕಾಯಿಲೆ ಇನ್ನೂ ಸುಲಭವಾಗಿ ಹತ್ತುತ್ತದೆ. ಈ ಸರಪಳಿಯನ್ನು ಎಲ್ಲಿ ಕಡಿಯಬಹುದು? ನಾವು ವೈದ್ಯರಲ್ಲ; ಭೌತಶಾಸ್ತ್ರವನ್ನು ಕಲಿಸುವವರು. ಆದರೆ ಇದರ ಒಂದು ಕೊಂಡಿ ಭೌತಶಾಸ್ತ್ರಕ್ಕೇ ಸೇರಿದ್ದು.

ಒಂದು ಶ್ರಾವಣದಲ್ಲಿ ನಾವು ಧಾರವಾಡದ ಸೀಮೆಯ ಒಂದು ಹಳ್ಳಿಯ ಅಂಗನವಾಡಿಯನ್ನು ನೋಡಲು ಹೋಗಿದ್ದೆವು. ಹೊರಗೆ ಜಿಟಿಜಿಟಿ ಮಳೆ. ಕೋಣೆಯ ಎರಡೂ ಕಿಟಕಿಗಳು ಮುಚ್ಚಿದ್ದುವು. ಒಂದಕ್ಕಂತೂ ಮೊಳೆಯನ್ನೇ ಹೊಡೆದಿದ್ದರು. ಕಾರಣವನ್ನು ಕೇಳಿದಾಗ ಕಾರ್ಯಕರ್ತೆಯು, “ಮಳಿ ಹೊಡೀತದರಿ ಸರ, ಹುಡುಗರಿಗೆ ಥಂಡಿ ಆಗ್ತದ” ಎಂದರು. ಮಕ್ಕಳ ಮೇಲಿನ ಮಮತೆಯಿಂದಲೇ ಹೇಳಿದ ಮಾತದು. ಆದರೆ ನೆಗಡಿಯನ್ನು ತರುವುದು ವೈರಸ್ಸು. ಮಳೆಗಾಲದಲ್ಲಿ ಅದು ಹೆಚ್ಚಾಗಿ ಹರಡುವುದಕ್ಕೆ ನಾವೆಲ್ಲ ಕಿಟಕಿ ಮುಚ್ಚಿ ಒಳಗೆ ಒತ್ತೊತ್ತಾಗಿ ಕೂಡುವುದೂ ಒಂದು ಕಾರಣ.

ಕೆಮ್ಮಿದಾಗ, ಸೀನಿದಾಗ, ಅಷ್ಟೇಕೆ, ಹಾಡಿದಾಗಲೂ ಬಾಯಿಯಿಂದ ಸಣ್ಣ ದೊಡ್ಡ ಹನಿಗಳು ಹೊರಬೀಳುತ್ತವೆ. ಹನಿಯು ಗಾಳಿಯಲ್ಲಿ ಬೀಳುವಾಗ ಅದರ ತೂಕವು ಕೆಳಗೆ ಸೆಳೆಯುತ್ತದೆ, ಗಾಳಿಯ ಸ್ನಿಗ್ಧತೆಯು ತಡೆಯುತ್ತದೆ. ಎರಡೂ ಸಮನಾದ ಕ್ಷಣದಿಂದ ಹನಿಯು ಒಂದೇ ವೇಗದಿಂದ ಇಳಿಯುತ್ತದೆ. ಸ್ಟೋಕ್ಸ್ ಎಂಬ ವಿಜ್ಞಾನಿಯು 1851ರಲ್ಲಿ ತೋರಿಸಿಕೊಟ್ಟ ನಿಯಮದ ಪ್ರಕಾರ ಈ ವೇಗವು ಹನಿಯ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸವು ಹತ್ತರಲ್ಲೊಂದು ಪಾಲಾದರೆ ವೇಗವು ನೂರರಲ್ಲೊಂದು ಪಾಲು! ನೆಲದ ಮೇಲೆ ಕುಳಿತ ಮಗುವಿನ ಬಾಯಿ 60 ಸೆಂಟಿಮೀಟರು ಎತ್ತರದಲ್ಲಿದೆ ಎನ್ನೋಣ. ಅಲ್ಲಿಂದ ಹೊರಟ 100 ಮೈಕ್ರಾನು ವ್ಯಾಸದ ಹನಿಯು ಎರಡು ಮೂರು ಸೆಕೆಂಡುಗಳಲ್ಲಿ ನೆಲವನ್ನು ಮುಟ್ಟುತ್ತದೆ. 10 ಮೈಕ್ರಾನಿನದಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಬೇಕು. 1 ಮೈಕ್ರಾನಿನ ಕಣಕ್ಕೆ ಐದು ತಾಸುಗಳಿಗೂ ಮಿಕ್ಕಿ ಹಿಡಿಯುವುದು. ಅದೂ ಗಾಳಿಯು ಸಂಪೂರ್ಣ ನಿಶ್ಚಲವಾಗಿದ್ದರೆ. ಮಕ್ಕಳಿರುವ ಕೋಣೆಯಲ್ಲಿ ನಿಶ್ಚಲವಾದುದು ಯಾವುದಿದೆ? ಅಂಗನವಾಡಿಯು ಮುಚ್ಚುವವರೆಗೂ ಅಂಥ ಕಣವು ತೇಲುತ್ತಲೇ ಇರಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹನಿಯು ಬೀಳುತ್ತಿರುವಂತೆಯೇ ಆರುತ್ತಲೂ ಇರುತ್ತದೆ. ಅಮೆರಿಕದ ವಿಲಿಯಂ ವೆಲ್ಸ್ ಎಂಬಾತನು 1934ರಲ್ಲಿ ಈ ಎರಡರ ಸ್ಪರ್ಧೆಯನ್ನು ಲೆಕ್ಕಹಾಕಿ, ಸಣ್ಣ ಹನಿಗಳು ನೆಲವನ್ನು ಮುಟ್ಟುವ ಮೊದಲೇ ಒಣಗಿ ತೇಲುವ ಬೀಜಗಳಾಗುತ್ತವೆಂದು ತೋರಿಸಿದನು. ಅನಂತರ ಅವನು ಫಿಲಡೆಲ್ಫಿಯ ಪ್ರದೇಶದ ಕೆಲವು ಶಾಲೆಗಳಲ್ಲಿ, ತರಗತಿಯ ಮೇಲ್ಭಾಗದ ಗಾಳಿಗೆ ಮಾತ್ರ ತಾಕುವಂತೆ ಅತಿನೇರಳೆ ದೀಪಗಳನ್ನು ಹಾಕಿಸಿದನು. 1941ರಲ್ಲಿ ದಡಾರದ ಹಾವಳಿ ಬಂದಾಗ ದೀಪವಿದ್ದ ತರಗತಿಗಳಲ್ಲಿ ರೋಗವು ಬಹಳ ಕಡಿಮೆ ಹರಡಿತು. ಮಕ್ಕಳ ರೋಗವು ಗಾಳಿಯಲ್ಲಿ ಸಂಚರಿಸುವುದೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ದಡಾರಕ್ಕೆ ನಮ್ಮ ಕಡೆಯಲ್ಲಿ ‘ಗೊಬ್ಬರ’ ಎನ್ನುವರು. ರೋಗಿಯು ಎದ್ದುಹೋದ ಮೇಲೂ ಎರಡು ತಾಸುಗಳವರೆಗೆ ಅದರ ವೈರಸ್ಸು ಕೋಣೆಯ ಗಾಳಿಯಲ್ಲಿ ಜೀವಂತವಾಗಿ ಉಳಿಯಬಲ್ಲದು. ರಕ್ಷಣೆಯಿಲ್ಲದ ಸಮುದಾಯದಲ್ಲಿ ಒಂದು ಮಗುವಿನಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ಅದು ಹಬ್ಬುವುದು. ಇದಕ್ಕೆ ಕಿಟಕಿಯೊಂದೇ ಸಾಲದು, ಲಸಿಕೆಯೇ ಬೇಕು. ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳ ನಡುವೆ ಮತ್ತೊಮ್ಮೆ ದಡಾರ-ರುಬೆಲ್ಲ ಲಸಿಕೆಯನ್ನು ಹಾಕಿಸಬೇಕು. 2017ರ ಫೆಬ್ರುವರಿಯಲ್ಲಿ ಈ ಲಸಿಕೆಯ ರಾಷ್ಟ್ರೀಯ ಅಭಿಯಾನವು ಆರಂಭವಾದಾಗ ಮೊದಲ ತಂಡದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು.

ಬಟ್ಟೆಯಿಂದ ಬಾಯಿಯನ್ನು ಮುಚ್ಚಿದರಾಗದೆ, ಗರಗದಲ್ಲಿ ಖಾದಿಗೆ ಬರವೇ ಎಂದು ವಾಚಕರು ಕೇಳಬಹುದು. ಎಳೆಗಳ ನಡುವಿನ ಸಂದಿಗೆ ದೊಡ್ಡ ಹನಿಯು ಬಂದಾಗ, ಗಾಳಿಯೊಡನೆ ತಿರುಗಲಾರದೆ ಎಳೆಗೆ ಬಡಿದು ನಿಲ್ಲುತ್ತದೆ. ಸಣ್ಣ ಕಣವು ಗಾಳಿಯ ಜೊತೆಗೇ ಬಳಸಿಕೊಂಡು ಪಾರಾಗುತ್ತದೆ. ಆದ್ದರಿಂದ ಕೆಮ್ಮುವಾಗ ಸೆರಗನ್ನೋ ಮೊಳಕೈಯನ್ನೋ ಅಡ್ಡ ಹಿಡಿಯುವುದು ಅರ್ಧ ಉಪಾಯ ಮಾತ್ರ. ಐದು ವರ್ಷದೊಳಗಿನ ಮಕ್ಕಳಿಗೆ ಮುಖಗವಸನ್ನು ಕಡ್ಡಾಯ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿತು. ಹಾಗಾದರೆ ಉಳಿಯುವುದು ಕಿಟಕಿ.

ಈಗ ಲೆಕ್ಕವನ್ನು ಮಾಡೋಣ. ಕೋಣೆಯು 6 ಮೀಟರು ಉದ್ದ, 5 ಮೀಟರು ಅಗಲ, 3 ಮೀಟರು ಎತ್ತರ ಎಂದಿಟ್ಟುಕೊಂಡರೆ ಒಳಗಿನ ಗಾಳಿ 90 ಘನಮೀಟರು. ಎದುರುಬದುರು ಗೋಡೆಗಳಲ್ಲಿ ಒಂದೊಂದು ಚದರ ಮೀಟರಿನ ಕಿಟಕಿಗಳಿವೆ. ಗಾಳಿಯ ವೇಗ ಸೆಕೆಂಡಿಗೆ ಅರ್ಧ ಮೀಟರು, ಅಂದರೆ ಎಲೆ ಅಲುಗುವುದೂ ಅನುಮಾನ. ಸರಳು, ಚೌಕಟ್ಟುಗಳ ತಡೆಗೆಂದು ಅರ್ಧವನ್ನು ಕಳೆದರೂ ಸೆಕೆಂಡಿಗೆ ಕಾಲು ಘನಮೀಟರು ಗಾಳಿ ಒಳಬರುವುದು. 90 ಘನಮೀಟರು ಬರಲು 6 ನಿಮಿಷ ಸಾಕು. ಆದರೆ ಹೊಸ ಗಾಳಿಯು ಹಳೆಯದನ್ನು ಹಾಗೆಯೇ ಹೊರದೂಡುವುದಿಲ್ಲ, ಅದರೊಡನೆ ಬೆರೆಯುತ್ತದೆ. ಹೀಗಾಗಿ 6 ನಿಮಿಷಗಳ ಮೇಲೆ ತೇಲುವ ಕಣಗಳಲ್ಲಿ ನೂರಕ್ಕೆ 37 ಉಳಿದಿರುತ್ತವೆ, 18 ನಿಮಿಷಗಳ ಮೇಲೆ ಕೇವಲ 5. ಇದು ವಿಕಿರಣಶೀಲ ವಸ್ತುವಿನ ಕ್ಷಯಕ್ಕೂ ಅನ್ವಯಿಸುವ ಗಣಿತ. ಕಾಲೇಜು ವಿದ್ಯಾರ್ಥಿಗಳು ಗುರುತಿಸಿರಬಹುದು. ಕಿಟಕಿಗಳನ್ನು ಮುಚ್ಚಿ, ಸಂದುಗಳಿಂದ ಎರಡು ತಾಸಿಗೊಮ್ಮೆ ಗಾಳಿ ಬದಲಾಗುವ ಕೋಣೆಯಲ್ಲಿ ಒಂದು ತಾಸಿನ ಮೇಲೆಯೂ ನೂರಕ್ಕೆ 60 ಉಳಿದಿರುತ್ತವೆ. ಅಷ್ಟರಲ್ಲಿ ಮಗುವು ಮತ್ತೆ ಕೆಮ್ಮಿರುತ್ತದೆ.

ಕಿಟಕಿಗಳೆರಡೂ ಒಂದೇ ಗೋಡೆಯಲ್ಲಿದ್ದರೆ ಫಲವು ಬಹಳ ಕಡಿಮೆ, ಗಾಳಿಗೆ ಬರುವ ದಾರಿಯಂತೆ ಹೋಗುವ ದಾರಿಯೂ ಬೇಕು. ಗಾಳಿಯೇ ಬೀಸದ ದಿನ ನಮ್ಮ ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಯನ್ನು ನೆನೆಯಬೇಕು. ಕುಳಿತ ಮಗುವೊಂದು ಸುಮಾರು 50 ವ್ಯಾಟು ಶಾಖವನ್ನು ಕೊಡುತ್ತದೆ. ಮೂವತ್ತು ಮಕ್ಕಳೆಂದರೆ ಒಂದೂವರೆ ಕಿಲೋವ್ಯಾಟಿನ ವಿದ್ಯುತ್ ಒಲೆಯೇ ಸರಿ! ಬೆಚ್ಚಗಾದ ಗಾಳಿಯು ಮೇಲೇರಿ ಬೆಳಕಿಂಡಿಯಿಂದ ಹೊರಟರೆ ಬಾಗಿಲಿನಿಂದ ಹೊಸದು ಬರುತ್ತದೆ. ಮಕ್ಕಳಿಗೆ ಥಂಡಿಯಾಗುವುದೆಂಬ ಅಂಜಿಕೆಗೂ ಈ ಲೆಕ್ಕದಲ್ಲಿಯೇ ಅರ್ಧ ಉತ್ತರವಿದೆ, ಉಳಿದರ್ಧವನ್ನು ಒಂದು ಅಂಗಿ ಹೆಚ್ಚು ತೊಡಿಸಿ ಪಡೆಯಬಹುದು.

ವಾಂತಿಭೇದಿಯ ದಾರಿಯು ಬೇರೆ, ಅದು ಕೈಯಿಂದ ಬಾಯಿಗೆ. ಅಲ್ಲಿ ಕಿಟಕಿಯಿಂದ ಉಪಯೋಗವಿಲ್ಲ. ಶೌಚದ ನಂತರ, ಊಟದ ಮುಂಚೆ ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿ, ಸುರಿಯುವ ನೀರಿನಲ್ಲಿ ತೊಳೆಯಬೇಕು. ಒಂದೇ ಬೋಗುಣಿಯಲ್ಲಿ ಎಲ್ಲರ ಕೈ ಅದ್ದಿಸುವುದು ರೋಗವನ್ನು ಹಂಚಿದಂತೆ. ಕಸ ಗುಡಿಸುವುದನ್ನೂ ಮಕ್ಕಳು ಬರುವುದಕ್ಕೆ ಮೊದಲೇ ಮುಗಿಸಬೇಕು. ಎದ್ದ ಧೂಳು ಇಳಿಯಲು ಎಷ್ಟು ಹೊತ್ತು ಬೇಕೆಂಬುದನ್ನು ಮೇಲೆಯೇ ನೋಡಿದೆವು.

ಕೆಮ್ಮುವ ಮಗುವಿನ ವಿಷಯದಲ್ಲಿ ಗಡಿಯಾರವಿದ್ದವರು ಮಾಡಬಹುದಾದ ಒಂದು ಮಾಪನವಿದೆ. ಮಗುವು ಶಾಂತವಾಗಿರುವಾಗ ಅದರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕೆ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸಿಗೆ 50 ಅಥವಾ ಅದಕ್ಕೆ ಹೆಚ್ಚು ಬಂದರೆ ನ್ಯುಮೋನಿಯದ ಸಂಶಯವುಂಟು. ಆಗ ಕಷಾಯ ಕುದಿಸುತ್ತ ಕೂಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಉಸಿರೆಳೆಯುವಾಗ ಎದೆಯ ಕೆಳಭಾಗವು ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಎಣಿಸಲೂ ನಿಲ್ಲಬಾರದು.

ಆ ಅಂಗನವಾಡಿಯಲ್ಲಿ ಮಳೆಯು ಹೊಡೆಯುತ್ತಿದ್ದುದು ಪಡುವಣ ಕಿಟಕಿಗೆ ಮಾತ್ರ. ಮೂಡಣದ್ದನ್ನು ಅಂದೇ ತೆರೆಯಿಸಿದೆವು. ಪಡುವಣದ್ದರ ಮೇಲೆ ತಗಡಿನ ಇಳಿಮಾಡನ್ನು ಕೂಡ್ರಿಸಿದ ಮೇಲೆ ಅದರ ಮೊಳೆಯನ್ನು ಕಿತ್ತರು. ಗಾಳಿ ಬರುತ್ತಿದೆಯೋ ಇಲ್ಲವೋ ನೋಡಲು ಯಂತ್ರವೇನೂ ಬೇಡ. ಅಲ್ಲಿ ಕಿಟಕಿಯ ಸರಳಿಗೆ ಗೇಣುದ್ದದ ಖಾದಿ ನೂಲಿನ ಎಳೆಯೊಂದನ್ನು ಕಟ್ಟಿದ್ದಾರೆ. ಎಳೆಯು ನೇರವಾಗಿ ಜೋತುಬಿದ್ದ ದಿನ ಬಾಗಿಲನ್ನೂ ತೆರೆದಿಡುತ್ತಾರೆ.