ಬಾಳಿನ ಹಂತಗಳು ಮತ್ತು ದಾಖಲೆಯ ಭಾಷೆ

(ಪ್ರೌಢಶಾಲಾ ಕನ್ನಡ – ವ್ಯಾವಹಾರಿಕ ಬರವಣಿಗೆ)

ಪೀಠಿಕೆ

ಪತ್ರಲೇಖನದ ಪಾಠವು ರಜಾ ಅರ್ಜಿಯಲ್ಲಿಯೇ ಮುಗಿಯಬಾರದು. ಕಾಸರಗೋಡಿನ ಅನೇಕ ಮನೆಗಳಲ್ಲಿ ಹಿರಿಯರ ಮಾತು ಕನ್ನಡ ಅಥವಾ ತುಳು. ಕೈಗೆ ಬರುವ ಕಾಗದ ಮಲಯಾಳ ಅಥವಾ ಇಂಗ್ಲಿಷ್. ತಾನು ಓದಲಾರದ ಪತ್ರಕ್ಕೆ ರುಜು ಹಾಕುವವರು ತಮ್ಮ ಹಕ್ಕನ್ನು ಪರರ ಮಾತಿನ ಮೇಲೆ ಬಿಟ್ಟಂತೆ. ಆ ಮನೆಯ ವಿದ್ಯಾರ್ಥಿಗೆ ದಾಖಲೆಯನ್ನು ಓದಿ ಹೇಳುವ ಸಾಮರ್ಥ್ಯವನ್ನು ನೀಡುವುದೇ ಈ ಪಾಠದ ಉದ್ದೇಶ.

ಹಂತಗಳ ಪರಿಚಯ

1. ಜನನ: 21 ದಿನಗಳೊಳಗೆ ನೋಂದಣಿಗೆ ತಿಳಿಸಬೇಕು. 2023ರ ಅಕ್ಟೋಬರ್ 1ರಿಂದ ಜನಿಸಿದವರಿಗೆ ಶಾಲಾಪ್ರವೇಶ ಮೊದಲಾದವುಗಳಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನಾಂಕಕ್ಕೆ ಪುರಾವೆ. ಹೆಸರು, ಇನಿಷಿಯಲ್, ಮನೆತನದ ಹೆಸರು ಎಲ್ಲ ದಾಖಲೆಗಳಲ್ಲಿಯೂ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಲಿಪಿ ಬದಲಾದಾಗ ಹೆಸರು ಬದಲಾದರೆ ಮುಂದೆ ವಾರಸುದಾರರು ಅಲೆಯಬೇಕಾಗುತ್ತದೆ.

2. ಹದಿನೆಂಟು: ಪ್ರಾಪ್ತವಯಸ್ಕರು ಸ್ವತಃ ಕರಾರು ಮಾಡಬಹುದು, ಉಯಿಲನ್ನೂ ಬರೆಯಬಹುದು.

3. ಉದ್ಯೋಗ, ವಿವಾಹ: ವಿವಾಹ ನೋಂದಣಿ, ಬ್ಯಾಂಕ್ ಖಾತೆಗೆ ನಾಮಿನಿ. ನಾಮಿನಿಯು ಠೇವಣಿಯ ಹಣವನ್ನು ಪಡೆದುಕೊಳ್ಳುವವರು. ಅದರ ಒಡೆತನವನ್ನು ಉಯಿಲು ಅಥವಾ ಉತ್ತರಾಧಿಕಾರದ ಕಾನೂನು ನಿರ್ಧರಿಸುತ್ತದೆ. ಈ ಭೇದವನ್ನು ಒತ್ತಿ ಹೇಳಬೇಕು.

4. ಹಿರಿತನ: ಉಯಿಲು. ಆರೋಗ್ಯವಿರುವಾಗಲೇ ಬರೆದಿಡುವುದು ಲೇಸು. ಸ್ವಸ್ಥಚಿತ್ತವಿರುವವರೆಗೆ ಅದನ್ನು ಬದಲಿಸಬಹುದು.

ಉಯಿಲಿನ ಭಾಷೆ

1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಉಯಿಲಿಗೆ ಪಾರಿಭಾಷಿಕ ಪದಗಳು ಬೇಕಿಲ್ಲ. ಬರೆದವರ ಉದ್ದೇಶ ತಿಳಿಯುವಂತಿರಬೇಕು. ಅವರ ಸಹಿ ಅಥವಾ ಗುರುತು ಇರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ದೃಢೀಕರಿಸಬೇಕು. ಆಸ್ತಿ ಪಡೆಯುವವರು ಸಾಕ್ಷಿಗಳಾಗದಿರುವುದು ಕ್ಷೇಮ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಸಾಮಾನ್ಯವಾಗಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಿಂದ ಕೊಡಲಾಗದು.

ಕನ್ನಡದ ಉಯಿಲು ಸಿಂಧುವಾಗಿದೆ. ಅದರ ನೋಂದಣಿ ಕಡ್ಡಾಯವಲ್ಲ. ನೋಂದಾಯಿಸುವಾಗ, ದಸ್ತಾವೇಜಿನ ಭಾಷೆಯು ಅಧಿಕಾರಿಗೆ ತಿಳಿಯದೆ, ಜಿಲ್ಲೆಯ ಸಾಮಾನ್ಯ ಬಳಕೆಯಲ್ಲಿಯೂ ಇಲ್ಲದಿದ್ದರೆ, 1908ರ ನೋಂದಣಿ ಅಧಿನಿಯಮದಂತೆ ಜಿಲ್ಲೆಯ ಬಳಕೆಯ ಭಾಷೆಯಲ್ಲಿ ನಿಜವಾದ ಅನುವಾದವನ್ನೂ ಮೂಲದ ನಕಲನ್ನೂ ಒದಗಿಸಬೇಕು.

ವಾಕ್ಯಪರೀಕ್ಷೆ

ಕಪ್ಪುಹಲಗೆಯ ಮೇಲೆ ಬರೆಯಿರಿ: “ನನ್ನ ತೋಟವನ್ನು ಮಕ್ಕಳಿಗೆ ಕೊಟ್ಟಿದ್ದೇನೆ.”

ಯಾವ ತೋಟ? ಯಾವ ಮಕ್ಕಳು? ಹೆಣ್ಣುಮಕ್ಕಳೂ ಸೇರಿದರೆ? ಯಾರಿಗೆ ಎಷ್ಟು ಪಾಲು? “ಕೊಟ್ಟಿದ್ದೇನೆ” ಎಂದರೆ ಈಗಾಗಲೇ ಕೊಟ್ಟಾಯಿತೆಂಬ ಅರ್ಥವಾಗುತ್ತದೆ. ಉಯಿಲಾದರೋ ಬರೆದವರ ಮರಣಾನಂತರವೇ ಜಾರಿಗೆ ಬರುವುದು. ಚರ್ಚೆಯ ಬಳಿಕ ತಿದ್ದಿದ ವಾಕ್ಯ: “ನನ್ನ ಮರಣಾನಂತರ, ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಷ್ಟು ಸೆಂಟ್ಸ್ ಅಡಿಕೆ ತೋಟವು ನನ್ನ ಮಗಳು ಇಂಥವಳಿಗೂ ಮಗ ಇಂಥವನಿಗೂ ಸಮಪಾಲಾಗಿ ಸಲ್ಲತಕ್ಕದ್ದು.” ಒಂದು ಕ್ರಿಯಾಪದದ ಕಾಲವು ಒಂದು ಕುಟುಂಬದ ವ್ಯಾಜ್ಯಕ್ಕೆ ಕಾರಣವಾಗಬಲ್ಲದೆಂದು ವಿದ್ಯಾರ್ಥಿಗಳು ಇಲ್ಲಿ ಕಾಣುವರು.

ಪದವಿವೇಕ

ಸಮಾನ ರೂಪದ ಪದಗಳು ದಾರಿತಪ್ಪಿಸುತ್ತವೆ. ಮಲಯಾಳದ “ಅವಕಾಶಂ” ಹಕ್ಕು, “ಅವಕಾಶಿ” ಹಕ್ಕುದಾರ. ಕನ್ನಡದ “ಅವಕಾಶ” ಸಂದರ್ಭ, ಆಸ್ಪದ. ಮಲಯಾಳದಲ್ಲಿ “ಆಧಾರಂ” ಆಸ್ತಿಯ ಕ್ರಯಪತ್ರ ಮೊದಲಾದ ದಸ್ತಾವೇಜಿಗೂ ಸಲ್ಲುವ ಹೆಸರು; ಅದನ್ನು ಆಧಾರ್ ಗುರುತಿನ ಚೀಟಿಯೆಂದು ತಿಳಿಯಬಾರದು. ಉಯಿಲಿಗೆ ಮಲಯಾಳದಲ್ಲಿ “ಒಸ್ಯತ್ತ್”, ಮರಾಠಿಯಲ್ಲಿ “ಮೃತ್ಯುಪತ್ರ”, ತೆಲುಗಿನಲ್ಲಿ “ವೀಲುನಾಮಾ” ಎಂಬ ಹೆಸರುಗಳಿವೆ.

ಶಿಕ್ಷಕರ ಗಮನಕ್ಕೆ

ಮನೆಯ ನಿಜವಾದ ಆಸ್ತಿಪತ್ರಗಳನ್ನು ತರಗತಿಗೆ ತರಿಸಬಾರದು. ಕಲ್ಪಿತ ಮಾದರಿಗಳನ್ನೇ ಬಳಸಬೇಕು. ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿರುವಲ್ಲಿ ಮಾತು ಮೃದುವಾಗಿರಲಿ. ಕಾನೂನಿನ ತೀರ್ಮಾನಕ್ಕೆ ವಕೀಲರನ್ನೋ ಕಾನೂನು ಸೇವಾ ಪ್ರಾಧಿಕಾರವನ್ನೋ ಕಾಣುವಂತೆ ತಿಳಿಸಬೇಕು.

ಮೌಲ್ಯಮಾಪನ

1. ನಾಮಿನಿಗೂ ವಾರಸುದಾರರಿಗೂ ಇರುವ ವ್ಯತ್ಯಾಸವನ್ನು ಅಜ್ಜಿಗೆ ವಿವರಿಸುವಂತೆ ಐದು ವಾಕ್ಯಗಳಲ್ಲಿ ಬರೆಯಿರಿ.
2. “ಮನೆ ದೊಡ್ಡವನಿಗೆ” ಎಂಬ ವಾಕ್ಯವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತಿದ್ದಿರಿ.