ದಡ ಮುಟ್ಟಿದವರಿಗೆ ನೆಲೆ

೧೯೭೫ನೆಯ ಏಪ್ರಿಲ್ ೩೦ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಉತ್ತರದ ಸೇನೆಗೆ ವಶವಾಯಿತು. ಸೆರೆವಾಸಕ್ಕೂ ಆಸ್ತಿಹರಣಕ್ಕೂ ಅಂಜಿ ಲಕ್ಷಾಂತರ ಜನರು ಮುಂದಿನ ವರ್ಷಗಳಲ್ಲಿ ದೋಣಿಗಳನ್ನೇರಿ ದೇಶವನ್ನು ತೊರೆದರು. ಬಿರುಗಾಳಿ, ಬಾಯಾರಿಕೆ, ಕಡಲ್ಗಳ್ಳರ ಹಾವಳಿಗಳಿಂದ ಅಸಂಖ್ಯರು ಮಡಿದರು. ದಡ ಮುಟ್ಟಿದವರಿಗೂ ನೆಲೆಯಿರಲಿಲ್ಲ. ಎಷ್ಟೋ ದೋಣಿಗಳನ್ನು ನೆರೆಯ ರಾಷ್ಟ್ರಗಳು ಮರಳಿ ಕಡಲಿಗೇ ನೂಕಿದವು. ಮಲೇಷ್ಯದ ಪುಲಾವ್ ಬಿಡಾಂಗ್ ಎಂಬ ಕಿರುದ್ವೀಪದಲ್ಲಿ ೧೯೭೯ರಲ್ಲಿ ಸುಮಾರು ೪೦,೦೦೦ ಮಂದಿ ಕಿಕ್ಕಿರಿದಿದ್ದರು.

ಆಗ ಕೆನಡಾದ ಸಾಮಾನ್ಯ ಪ್ರಜೆಗಳು ಐವರೋ ಹತ್ತುಮಂದಿಯೋ ಕೂಡಿ, ಒಂದೊಂದು ಕುಟುಂಬದ ಅನ್ನ ವಸತಿಗಳ ಹೊಣೆಯನ್ನು ಒಂದು ವರ್ಷ ಹೊತ್ತರು. ೧೯೭೯–೮೦ರಲ್ಲಿ ಅಲ್ಲಿಗೆ ಬಂದ ಇಂಡೋಚೀನದ ಸುಮಾರು ೬೦,೦೦೦ ನಿರಾಶ್ರಿತರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೀಗೆ ನೆಲೆಗೊಂಡರು. ೧೯೮೬ರಲ್ಲಿ ವಿಶ್ವಸಂಸ್ಥೆಯ ನಾನ್ಸೆನ್ ಪದಕವು ಆ ದೇಶದ ಸಮಸ್ತ ಜನತೆಗೆ ಸಂದಿತು. ಹಸಿದವನ ಕುಲವನ್ನು ಕೇಳದೆ ಅನ್ನವಿಕ್ಕುವುದೇ ದಾಸೋಹವೆಂದು ಬಲ್ಲ ವಿದ್ಯಾರ್ಥಿಗಳಿಗೆ ಈ ವೃತ್ತಾಂತವು ಪರಕೀಯವೆನಿಸದು.