ಶುಗರ್ ಬರುವ ಮೊದಲೇ ರಕ್ತ ಹೇಳುತ್ತದೆ



ಪೆರ್ಡೂರಿನ ಒಂದು ಸಂಘದ ಸಭೆಯಲ್ಲಿ ರಕ್ತಪರೀಕ್ಷೆಯ ಮಾತೆತ್ತಿದಾಗ ಒಬ್ಬ ಸದಸ್ಯೆ, "ನನಗೆ ಸುಸ್ತಿಲ್ಲ, ಬಾಯಾರಿಕೆ ಇಲ್ಲ. ಸುಮ್ಮನೆ ಯಾಕೆ ಸಿಸ್ಟರ್ ಚುಚ್ಚಿಸಿಕೊಳ್ಳುವುದು?" ಎಂದರು. ಅವರ ತಾಯಿಗೂ ಅಣ್ಣನಿಗೂ ಶುಗರ್ ಉಂಟು. ನಮ್ಮ ಒತ್ತಾಯಕ್ಕೆ ಪರೀಕ್ಷೆ ಮಾಡಿಸಿದರು. ಖಾಲಿ ಹೊಟ್ಟೆಯಲ್ಲಿ 114 ಬಂತು. ಅದು ಕಾಯಿಲೆ ಅಲ್ಲ, ಕಾಯಿಲೆಯ ಹೊಸ್ತಿಲು.

ಹೊಸ್ತಿಲಲ್ಲಿ ನಿಂತವರು ಹಿಂದೆ ಬರಬಹುದು. ಆದರೆ ಅಲ್ಲಿ ನಿಂತಿದ್ದೇವೆಂದು ಮೊದಲು ಗೊತ್ತಾಗಬೇಕಲ್ಲ? 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಹೊಸ್ತಿಲಲ್ಲಿ ಇರುವವರು ಅದಕ್ಕಿಂತಲೂ ಹೆಚ್ಚು, 13 ಕೋಟಿ 60 ಲಕ್ಷ.

ಯಾವ ಪರೀಕ್ಷೆ?

1. ಖಾಲಿ ಹೊಟ್ಟೆಯ ಸಕ್ಕರೆ: 8 ಗಂಟೆ ನೀರಲ್ಲದೆ ಬೇರೇನೂ ಬೇಡ, ಬೆಳಗ್ಗಿನ ಚಾ ಕೂಡ. 100ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. 100ರಿಂದ 125 ಎಚ್ಚರಿಕೆ. 126 ಅಥವಾ ಹೆಚ್ಚು ಬಂದರೆ ವೈದ್ಯರು ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ.

2. ಎಚ್‌ಬಿಎ1ಸಿ: ಒಂದು ದಿನದ ಸಕ್ಕರೆ ಇವತ್ತು ಪರ್ಸಿನಲ್ಲಿರುವ ಹಣದ ಹಾಗೆ. ಇದು ಪಾಸ್‌ಬುಕ್ಕಿನ ಹಾಗೆ, ಎರಡು ಮೂರು ತಿಂಗಳ ಲೆಕ್ಕ ತೋರಿಸುತ್ತದೆ. 5.7ರಿಂದ 6.4 ಎಚ್ಚರಿಕೆ; 6.5 ಮತ್ತು ಮೇಲೆ ಕಾಯಿಲೆ. ರಕ್ತಹೀನತೆ ಇದ್ದರೆ ಈ ಲೆಕ್ಕ ತಪ್ಪಬಹುದು. ಆದ್ದರಿಂದ ಹಿಮೋಗ್ಲೋಬಿನ್ ಕೂಡ ನೋಡಿಸಿ.

3. ರಕ್ತದ ಕೊಬ್ಬು: ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಬ್ಬು ಎಚ್‌ಡಿಎಲ್ ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಅದೂ ಅಪಾಯದ ಸೂಚನೆ.

ಶಿಬಿರದಲ್ಲಿ ಊಟವಾದ ಮೇಲೆ ಬೆರಳು ಚುಚ್ಚಿ ನೋಡಿದ ಒಂದೇ ಸಂಖ್ಯೆಯನ್ನು ನಂಬಿ ಕೂರಬೇಡಿ.

ಯಾರು ಮೊದಲು ಮಾಡಿಸಬೇಕು?

ತಂದೆ ತಾಯಿಗೆ ಶುಗರ್ ಇರುವವರು, ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರು, ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದವರು, ಬೀಡಿ ಕಟ್ಟುತ್ತಾ ದಿನವಿಡೀ ಕುಳಿತಿರುವವರು. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಹಿಂದೆ ಬರುವುದು ಹೇಗೆ?

ಹೊಸ್ತಿಲಲ್ಲಿದ್ದವರ ಬಗ್ಗೆ ಚೆನ್ನೈಯ ವೈದ್ಯರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 3 ವರ್ಷಗಳಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ 100ಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ ತಿದ್ದಿಕೊಂಡು, ನಡಿಗೆ ರೂಢಿಸಿಕೊಂಡವರಲ್ಲಿ 39 ಮಂದಿಗೆ. ಎಲ್ಲರೂ ಪಾರಾಗಲಿಲ್ಲ, ಆದರೆ 100ರಲ್ಲಿ 16 ಮನೆಗಳು ಉಳಿದವು.

ಗಂಜಿ ಬಿಡಬೇಕೆಂದಲ್ಲ. ಅನ್ನ ಒಂದು ಸೌಟು ಕಡಿಮೆ ಮಾಡಿ. ಹುರುಳಿ, ಹೆಸರುಕಾಳು, ಬಸಳೆ, ಅಲಸಂಡೆ ಹೆಚ್ಚು ಮಾಡಿ. ಚಾಕ್ಕೆ ಸಕ್ಕರೆ ಕಡಿಮೆ ಮಾಡಿ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

ಆ ಸದಸ್ಯೆ ಈಗ ಸಂಘದ ಇಬ್ಬರ ಜೊತೆ ದಿನಾ ನಡೆಯುತ್ತಾರೆ. ಆರು ತಿಂಗಳ ನಂತರ 103 ಬಂದಿದೆ. "ಇನ್ನೂ ಸ್ವಲ್ಪ ದಾರಿ ಉಂಟು ಸಿಸ್ಟರ್" ಎನ್ನುತ್ತಾರೆ.

ಮುಂದಿನ ಸಭೆಗೆ:

* ಪ್ರತಿ ಸದಸ್ಯೆ ತನ್ನ ಸೊಂಟದ ಅಳತೆ ಬರೆದು ತರಲಿ.
* ಒಂದು ದಿನ ನಿಶ್ಚಯಿಸಿ ಎಲ್ಲರೂ ಒಟ್ಟಾಗಿ ಪರೀಕ್ಷೆಗೆ ಹೋಗೋಣ.
* ಉಳಿತಾಯದ ಪುಸ್ತಕದ ಹಾಗೆ ರಕ್ತದ ಲೆಕ್ಕವನ್ನೂ ವರ್ಷಕ್ಕೊಮ್ಮೆ ಬರೆದಿಡೋಣ.